ಏಳನೆಯ ಟ್ರ್ಯಾಕು

"ಆರು ಆದ ಮ್ಯಾಲೆ ಎಂಟು ಹ್ಯಾಂಗ ಬಂತು, ತೌಸಿಫ?"

ಪಿಎಸ್‌ಐ ರಮಾಬಾಯಿ ಲ್ಯಾಪ್‌ಟಾಪಿನ ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು. ತೌಸಿಫನ ಕೈ ಮೌಸಿನ ಮೇಲೆಯೇ ನಿಂತುಬಿಟ್ಟಿತು.

ಈಗಷ್ಟೇ ಎಕ್ಸ್‌ಪೋರ್ಟ್ ಆಗಿ ಮುಗಿದ ಫೈಲುಗಳು ಪರದೆಯ ಮೇಲೆ ಒಂದರ ಕೆಳಗೊಂದು ಕೂತಿದ್ದವು. ಒಂದು ಏಕತಾರಿ, ಎರಡು ಹಾರ್ಮೋನಿಯಂ, ಮೂರು ದಿಮ್ಮು, ನಾಲ್ಕು ತಾಳ, ಐದು ಹಿಮ್ಮೇಳ, ಆರು ಶೇಖವ್ವನ ದನಿ. ಅದರ ಕೆಳಗೆ ನೇರವಾಗಿ ಎಂಟು ಗೆಜ್ಜೆ, ಒಂಬತ್ತು ಇನ್ನೊಂದು ಹಿಮ್ಮೇಳ.

"ಏಳು ಖಾಲಿ ಐತ್ರಿ ಮೇಡಂ. ಮ್ಯೂಟ್ ಮಾಡಿದ್ದೆ. ಮ್ಯೂಟ್ ಮಾಡಿದ್ದು ಎಕ್ಸ್‌ಪೋರ್ಟ್ ಆಗಂಗಿಲ್ರಿ."

"ಖಾಲಿ ಇದ್ದದ್ದಕ್ಕ ಯಾರರ ಮ್ಯೂಟ್ ಮಾಡ್ತಾರೇನು?"

ತೌಸಿಫ ಕುತ್ತಿಗೆಯ ಬೆವರನ್ನು ತೋಳಿನಿಂದ ಒರೆಸಿಕೊಂಡ.

ಇಳಕಲ್ಲಿನ ಆ ಮಾಳಿಗೆಯ ಕೋಣೆಯೇ ತೌಸಿಫನ ಸ್ಟುಡಿಯೋ. ಅಲ್ಲಿ ಗಾಳಿ ಆಡುತ್ತಿರಲಿಲ್ಲ. ಸದ್ದು ತಡೆಯಲೆಂದು ನಾಲ್ಕೂ ಗೋಡೆಗೆ ಹಳೆಯ ಕೌದಿಗಳನ್ನು ಮೊಳೆ ಹೊಡೆದು ತೂಗಿಹಾಕಿದ್ದ. ಆದರೂ ಕೆಳಗಿನ ಪವರ್‌ಲೂಮುಗಳ ಬಡಿತ ನೆಲದಿಂದ ಕಾಲಿಗೆ, ಕಾಲಿನಿಂದ ಕುರ್ಚಿಗೆ ಹತ್ತುತ್ತಲೇ ಇತ್ತು.

ಭಾನುವಾರ ಬೆಳಿಗ್ಗೆ ಹಾಲು ತರುತ್ತೇನೆಂದು ಹೋದ ಶೇಖವ್ವ ಮರಳಿ ಬಂದಿರಲಿಲ್ಲ. ಅರವತ್ತೆಂಟರ ಹೆಂಗಸು. ನೇಕಾರರ ಓಣಿಯಲ್ಲಿ ಅವಳ ಹಾಡಿಲ್ಲದೆ ಒಂದು ಮದುವೆಯೂ ಆದದ್ದಿಲ್ಲ. ಅಂಥವಳ ಗಂಟಲಲ್ಲಿ ಗಡ್ಡೆ. ಶುಕ್ರವಾರ ಬಾಗಲಕೋಟೆಯಲ್ಲಿ ಆಪರೇಷನ್, ಇನ್ನು ತಡ ಮಾಡಿದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಖಡಕ್ಕಾಗಿ ಹೇಳಿದ್ದರು. ಇವತ್ತು ಬುಧವಾರ.

ಎರಡು ದಿನದಿಂದ ರಮಾಬಾಯಿ ಊರ ಸುತ್ತಲಿನ ಬಾವಿಗಳಿಗೆಲ್ಲ ಕೊಕ್ಕೆಗಳ ಪಾತಾಳಗರಡಿ ಇಳಿಸಿದ್ದಳು. ಪ್ರತಿ ಸಲ ಗರಡಿ ಖಾಲಿ ಮೇಲೆ ಬಂದಾಗ ಒಂದು ಉಸಿರು ಬಿಟ್ಟು ಮುಂದಿನ ಬಾವಿಗೆ ನಡೆದಿದ್ದಳು.

ನಿನ್ನೆ ಸಂಜೆ ಶೇಖವ್ವನ ಮೊಮ್ಮಗಳು ಸುಶ್ಮಿತಾಳ ಮೊಬೈಲಿಗೆ ಒಂದು ಹಾಡು ಬಂತು. ಅಜ್ಜಿಯದೇ ದನಿ. ಕಳಿಸಿದವನು ಇದೇ ತೌಸಿಫ. ಕೇಳಿದರೆ, "ಹ್ವಾದ ಅಮಾಸಿ ದಿನ ಹಾಡಿದ್ದು, ಹುಡುಗಿಗೆ ಸಮಾಧಾನ ಆಗ್ಲಿ ಅಂತ ಕಳಿಸೀನಿ" ಅಂದಿದ್ದ. ಓಣಿಗೆ ಅವನ ಮೇಲೆ ಅನುಮಾನ ಬರಲು ಅಷ್ಟು ಸಾಕಾಯಿತು. ಶೇಖವ್ವನ ಮಗ ಹುಚ್ಚೇಶ ಸ್ಟುಡಿಯೋಕ್ಕೆ ನುಗ್ಗಿ ತೌಸಿಫನ ಕಪಾಳಕ್ಕೆ ಹೊಡೆದಿದ್ದ. ಈಗ ಅವನು ಹೊರಗೆ ಮೆಟ್ಟಿಲ ಮೇಲೆ ತಲೆ ಹಿಡಿದುಕೊಂಡು ಕೂತಿದ್ದ. ಪಕ್ಕದಲ್ಲಿ ಕಾನ್‌ಸ್ಟೇಬಲ್ ಯಂಕಪ್ಪ ಕಾವಲಿದ್ದ.

ಬೆಳಿಗ್ಗೆ ತೌಸಿಫ ಬಹಳ ಸಭ್ಯನಂತೆ ಮೂರು ಫೈಲು ಕೊಟ್ಟಿದ್ದ. ಗಾಯನ ಒಂದು, ವಾದ್ಯಗಳೆಲ್ಲ ಸೇರಿ ಒಂದು, ಹಿಮ್ಮೇಳ ಒಂದು. "ಇವಕ್ಕ ಸ್ಟೆಮ್ ಅಂತಾರ್ರಿ" ಎಂದು ಬೇರೆ ವಿವರಿಸಿದ್ದ. ರಮಾಬಾಯಿ ಹೊರಗೆ ಬಂದು ಬಾಗಲಕೋಟೆಯಲ್ಲಿದ್ದ ತಮ್ಮ ಪ್ರಬುದ್ಧನಿಗೆ ಫೋನು ಹಚ್ಚಿದಳು. ಅವನು ಹಾಡಿನ ತಂಡಗಳಿಗೆ ಸೌಂಡು ಹೊಂದಿಸುವವನು.

"ಅಕ್ಕಾ, ಅಂವ ನಿನ್ನ ಕಿವಿಗೆ ಹೂವ ಇಡಾಕತ್ತಾನ," ಎಂದ ಪ್ರಬುದ್ಧ. "ಸ್ಟೆಮ್ ಅಂದ್ರ ಗುಂಪು ಮಾಡಿ, ತೊಳದು, ಒರಸಿ ಕೊಟ್ಟದ್ದು. ಹಿಂದಿನ ಸಪ್ಪಳ ಎಲ್ಲಾ ತಗದಿರ್ತಾನ. ನೀ ಬಿಡಿ ಟ್ರ್ಯಾಕ್ ಕೇಳು. ಒಂದ್ ಮೈಕಿಗೆ ಒಂದ್ ಫೈಲು. ಇಫೆಕ್ಟ್ ಎಲ್ಲಾ ಬಂದ್ ಮಾಡಸು. ಎಲ್ಲಾ ಸೊನ್ನಿಯಿಂದ ಶುರುವಾಗಬೇಕು, ಎಲ್ಲಾದರ ಉದ್ದನೂ ಒಂದ ಇರಬೇಕು."

"ತಾರೀಖು?"

"ಎಕ್ಸ್‌ಪೋರ್ಟ್ ಮಾಡಿದ ಫೈಲಿನ ತಾರೀಖ ನಂಬಬ್ಯಾಡ. ಅದಕ್ಕ ಇವತ್ತಿಂದ ಬೀಳ್ತೈತಿ. ಮೂಲ ರೆಕಾರ್ಡಿಂಗ್ ಇರೂ ಫೋಲ್ಡರ್ ತಗಸು."

ಆ ಮಾತು ಕಿವಿಯಲ್ಲಿಟ್ಟುಕೊಂಡೇ ರಮಾಬಾಯಿ ಈಗ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

"ಏಳು ಆಮ್ಯಾಲೆ ನೋಡೂಣು. ಆರು ಹಚ್ಚು. ಬರೇ ಆಯಿ ದನಿ."

ತೌಸಿಫ ಹಚ್ಚಿದ. ರಮಾಬಾಯಿ ಹೆಡ್‌ಫೋನು ಹಾಕಿಕೊಂಡು ಕಣ್ಣು ಮುಚ್ಚಿದಳು.

ನಿನ್ನೆಯಿಂದ ಆ ಹಾಡನ್ನು ಹತ್ತು ಸಲ ಕೇಳಿದ್ದಳು. ಆದರೆ ವಾದ್ಯಗಳ ಬೆಂಬಲವಿಲ್ಲದೆ ಕೇಳಿದಾಗ ಅದು ಬೇರೆಯೇ ಆಗಿತ್ತು. ಮೇಲಿನ ಸ್ವರಕ್ಕೆ ಹೋಗುವ ಮುನ್ನ ಮುದುಕಿ ಎಳೆದುಕೊಳ್ಳುವ ಉಸಿರು, ಬಳೆಯ ಸದ್ದು, ನುಂಗಿಕೊಂಡ ಕೆಮ್ಮು, ಸಾಲು ತಪ್ಪಿದಾಗ "ಅಯ್ಯ" ಎಂದದ್ದು, ಎಲ್ಲವೂ ಕೇಳಿಸಿತು. ಕಾಣೆಯಾದವರ ಫೋಟೋ ನೋಡಿ ಅಭ್ಯಾಸವಿದ್ದ ರಮಾಬಾಯಿ ಅಂಥವರ ಉಸಿರು ಕೇಳಿದ್ದು ಇದೇ ಮೊದಲು.

ಆಗ ಅವಳ ಗಮನ ಪಾದದ ಕಡೆಗೆ ಹೋಯಿತು. ಕೆಳಗಿನ ಮಗ್ಗಗಳ ಬಡಿತ ಅಂಗಾಲಿಗೆ ತಟ್ಟುತ್ತಿತ್ತು. ಕಿವಿಯಲ್ಲಿ ಮಾತ್ರ ಅದರ ಸುಳಿವಿಲ್ಲ.

ಹೆಡ್‌ಫೋನು ತೆಗೆದಳು.

"ಇದನ್ನ ಈ ಕೋಣಿಯಾಗ ರೆಕಾರ್ಡ್ ಮಾಡಿದ್ದಾ?"

"ಹೌದ್ರಿ."

"ಕೆಳಗ ಮಗ್ಗ ನಡದಾಗ?"

"ಇಲ್ರಿ. ಅಮಾಸಿ ದಿನ ಅಂತ ಹೇಳಿದ್ನಲ್ರಿ. ಅಮಾಸಿಗೆ ಮಗ್ಗ ನಿಂತಿರ್ತಾವು. ನಾ ಯಾವತ್ತಿದ್ರೂ ಅಮಾಸಿಗೇ ರೆಕಾರ್ಡ್ ಮಾಡೂದು."

"ಮೂಲ ಫೋಲ್ಡರ್ ತಗಿ."

"ಮೇಡಂ, ಅದು..."

"ತಗಿ ಅಂದ್ನಿ."

ಫೋಲ್ಡರು ತೆರೆಯಿತು. ಏಕತಾರಿ, ಹಾರ್ಮೋನಿಯಂ, ದಿಮ್ಮು, ಎಲ್ಲದರ ಮುಂದೆ ಅಮಾವಾಸ್ಯೆಯ ತಾರೀಖೇ ಇತ್ತು. ಹುಡುಗ ಅಷ್ಟರ ಮಟ್ಟಿಗೆ ಸುಳ್ಳು ಹೇಳಿರಲಿಲ್ಲ. ಆದರೆ ಶೇಖವ್ವನ ದನಿಯ ಮುಂದೆ ಬೇರೆ ತಾರೀಖು. ಮೊನ್ನೆ ಸೋಮವಾರ, ಸಂಜೆ ಐದು ಐವತ್ತೆರಡು.

"ಸೋಮವಾರ ಯಾವ ಅಮಾಸಿ ಇತ್ತು, ತೌಸಿಫ?"

ಅವನು ತಲೆ ತಗ್ಗಿಸಿದ.

"ಸೋಮವಾರ ಮಗ್ಗ ನಡದಿದ್ವು. ಇದರಾಗ ಒಂದು ಬಡಿತ ಕೇಳವಲ್ದು. ಅಂದ್ರ ಅಕಿ ಇಲ್ಲಿ ಹಾಡಿಲ್ಲ. ಭಾನುವಾರ ಕಾಣದಂಗ ಆದಾಕಿ ಸೋಮವಾರ ಸಂಜಿಕ ನಿನ್ನ ಮೈಕಿನ ಮುಂದ ಕುಂತಿದ್ಲು. ವಾದ್ಯ ಮೊದಲ ಇದ್ವು, ದನಿ ಆಮ್ಯಾಲೆ ಕೂಡಸೀದಿ. ಹೌದಲ್ಲೋ?"

ರಮಾಬಾಯಿಯ ದನಿ ತಾನಾಗಿಯೇ ತಗ್ಗಿತು.

"ಒಂದ ಮಾತು ಹೇಳು. ಶೇಖವ್ವ ಜೀವಂತ ಅದಾಳೇನು?"

ಮೂವತ್ತು ದಾಟಿದ ಆ ಗಡ್ಡದ ಗಂಡಸಿನ ಕಣ್ಣು ತುಂಬಿಕೊಂಡವು. "ಅದಾಳ್ರಿ."

ರಮಾಬಾಯಿ ಕುರ್ಚಿಗೆ ಒರಗಿದಳು. ಎರಡು ದಿನದಿಂದ ಕಣ್ಣ ಮುಂದೆ ನಿಂತಿದ್ದ ಬಾವಿಗಳ ಕಪ್ಪು ನೀರು ಆ ಒಂದು ಮಾತಿಗೆ ಸರಿದುಹೋದಂತಾಯಿತು. ಮುಖದ ಮೇಲೆ ಅದನ್ನು ತೋರಿಸಲಿಲ್ಲ ಅಷ್ಟೆ.

"ಎಲ್ಲಿ ಅದಾಳ?"

"ಹೇಳಂಗಿಲ್ರಿ. ನನ್ನ ತಲಿ ಮ್ಯಾಲೆ ಕೈ ಇಟ್ಟು ಆಣಿ ಹಾಕ್ಯಾಳ. ನಾ ತೊಟ್ಟಿಲದಾಗ ಇದ್ದಾಗ ನಮ್ಮವ್ವ ಮಗ್ಗಕ್ಕ ಹ್ವಾದ್ರ ನನ್ನ ತೂಗಿ ಹಾಡಿದಾಕಿರಿ ಅಕಿ. ನೀವು ಹೊಡೀರಿ, ಒಳಗ ಹಾಕ್ರಿ. ನನ್ನ ಬಾಯಿಲೆ ಬರೂದಿಲ್ಲ."

"ಶುಕ್ರವಾರ ಆಪರೇಷನ್ ಐತಿ. ಗೊತ್ತೈತೇನು?"

"ಗೊತ್ತೈತ್ರಿ. ಅದಕ್ಕ ಹೊಡಕೋತದ ಜೀವ. ಹೇಳಿದ್ರ ಆಣಿ ಮುರದಂಗ, ಹೇಳದಿದ್ರ..."

ರಮಾಬಾಯಿ ಅವನನ್ನೇ ನೋಡಿದಳು. ಹತ್ತು ವರ್ಷದ ನೌಕರಿಯಲ್ಲಿ ಸುಳ್ಳುಗಾರರನ್ನು ಬೇಕಾದಷ್ಟು ಕಂಡಿದ್ದಳು. ಸುಳ್ಳು ಹೇಳಲು ಇಷ್ಟು ಕಷ್ಟಪಡುವವನು ಇವನೊಬ್ಬನೇ.

"ಸರಿ. ನೀ ಏನೂ ಹೇಳಬ್ಯಾಡ," ಎಂದಳು. "ಏಳರ ಮ್ಯೂಟ್ ತಗಿ. ಎಕ್ಸ್‌ಪೋರ್ಟ್ ಮಾಡು. ಅದು ನಿನ್ನ ಬಾಯಿ ಅಲ್ಲಲ್ಲ."

ಅವನು ಅವಳ ಮುಖ ನೋಡಿದ. ನಿಧಾನವಾಗಿ ಅರ್ಥವಾದಂತೆ ಕಂಡಿತು. ಗುಂಡಿ ಒತ್ತಿದ. ಪರದೆಯ ತಳದಲ್ಲಿ ಹಸಿರು ಗೆರೆ ಎಡದಿಂದ ಬಲಕ್ಕೆ ಹರಿದು ತುಂಬಿಕೊಂಡಿತು. ಪಟ್ಟಿಯಲ್ಲಿ ಆರಕ್ಕೂ ಎಂಟಕ್ಕೂ ನಡುವೆ ಏಳು ಬಂದು ಕೂತಿತು. ಉದ್ದ ಎಲ್ಲದರಷ್ಟೇ, ಐದು ನಿಮಿಷ ಮೂವತ್ತೆಂಟು ಸೆಕೆಂಡು.

"ಇದು ಯಾವ ಮೈಕಿಂದು?"

"ಎರಡ್ ಮೈಕ್ ಒಯ್ದಿದ್ದೆರಿ. ಒಂದು ಒಳಗ ಆಯಿ ಮುಂದ. ಇನ್ನೊಂದು ಹೊರಗ, ಕಟ್ಟಿ ಮ್ಯಾಲೆ. ಮನಿ, ಗಾಳಿ ಎಲ್ಲಾ ಸ್ವಲ್ಪ ಸೇರಲಿ ಅಂತ. ಗದ್ದಲ ಭಾಳ ಆತು ಅಂತ ಮ್ಯೂಟ್ ಮಾಡಿದೆ. ನಾನೂ ಪೂರ್ತಿ ಕೇಳಿಲ್ಲ."

ಮೊದಲಿಗೆ ಬರೀ ಗಾಳಿ. ಆಮೇಲೆ ಎಲ್ಲೋ ದೂರದಲ್ಲಿ ನೀರೆತ್ತುವ ಮೋಟಾರಿನ ಗುಂಯ್‌ಗುಡುವಿಕೆ. ಒಂದು ಎಮ್ಮೆ ಕೂಗಿತು. ಅಷ್ಟರಲ್ಲಿ, ಹಾಡು ಇನ್ನೂ ಶುರುವಾಗುವ ಮುನ್ನವೇ, ಗಾಳಿಯ ಮೇಲೆ ತೇಲಿ ಬಂದದ್ದು ಎಷ್ಟೋ ಎಳೆಯ ಗಂಟಲುಗಳು ಒಂದೇ ಲಯದಲ್ಲಿ ಹೇಳುತ್ತಿದ್ದ ಪ್ರಾರ್ಥನೆ. ಒಂದು ಗಂಟಲು ಮುಂದೆ, ಉಳಿದವು ಅದರ ಹಿಂದೆ. ಕೊನೆಗೆ ಒಂದು ಗಂಟೆ.

ರಮಾಬಾಯಿ ಫೈಲನ್ನು ಅಲ್ಲಿಗೇ ನಿಲ್ಲಿಸಿದಳು. ಆ ಪ್ರಾರ್ಥನೆ ಅವಳಿಗೆ ಗೊತ್ತಿತ್ತು. ಹೊಸದಾಗಿ ನೌಕರಿಗೆ ಸೇರಿದಾಗ ಬಾದಾಮಿಯಲ್ಲಿದ್ದಳು. ದೊಡ್ಡವರು ಯಾರಾದರೂ ಬಂದರೆ ಬಂದೋಬಸ್ತಿಗೆ ಮಲಪ್ರಭೆಯ ದಂಡೆಯ ಆ ಮಂದಿರಕ್ಕೆ ಹಾಕುತ್ತಿದ್ದರು. ಕಾಲು ನೋಯುವ ತನಕ ನಿಂತು, ಸಂಜೆಗೆ ವಟುಗಳೆಲ್ಲ ಸಾಲಾಗಿ ಕೂತು ಹೇಳುತ್ತಿದ್ದುದನ್ನು ಕೇಳಿದ್ದಳು.

"ಶಿವಯೋಗ ಮಂದಿರ," ಎಂದಳು.

ತೌಸಿಫ ಎದ್ದು ನಿಂತ. ಮೂರು ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲನ್ನು ಯಾರೋ ಇಳಿಸಿದಂತೆ ಅವನ ಮುಖ ಸಡಿಲವಾಯಿತು.

"ನಾ ಹೇಳಿಲ್ರಿ ಮತ್ತ."

"ಇಲ್ಲ. ನೀ ಹೇಳಿಲ್ಲ."

"ಹಂಗಂತ ಬರಕೊಳ್ರಿ ಮೇಡಂ. ಆಯಿ ಕೇಳಿದ್ರ ತೋರಸಾಕ ಬೇಕಾಗ್ತೈತಿ."

ಎಷ್ಟೋ ಹೊತ್ತಿನ ಮೇಲೆ ರಮಾಬಾಯಿ ನಕ್ಕಳು. "ಲ್ಯಾಪ್‌ಟಾಪ್ ತಗೋ. ನಡಿ."

ಮೆಟ್ಟಿಲ ಮೇಲೆ ಹುಚ್ಚೇಶನಿಗೆ ರಮಾಬಾಯಿ ಸುದ್ದಿ ಹೇಳಿದಳು. ನಲವತ್ತರ ಗಟ್ಟಿ ಆಳು, ಎರಡು ಮಗ್ಗ ನಡೆಸುವವನು, ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದ.

"ಜೀವಂತ ಅದಾಳಲ್ರಿ? ಖರೆ?"

"ಖರೆ. ಸೋಮವಾರ ಸಂಜಿಕ ಹಾಡ್ಯಾಳ. ಮಂದಿರದ ಕಡಿಗೆ ಅದಾಳ."

"ಮಂದಿರದ ಕಡಿಗ್ಯಾಕ ಹೋದ್ಲು?" ಅವನು ಕೈ ತೆಗೆದು ಕೇಳಿದ. "ಅಲ್ಲಿಗ್ಯಾಕ ಹೋದ್ಲು ಅಕಿ?"

"ಅದನ್ನ ಅಕಿನ್ನ ಕೇಳೂಣ ಬಾ."

ಯಂಕಪ್ಪ ಜೀಪು ಹೊರಡಿಸಿದ. ಗುಡೂರು ದಾಟುವ ತನಕ ರಸ್ತೆಯ ಎರಡೂ ಬದಿಗೆ ಮೊಣಕಾಲುದ್ದದ ಬಿಳಿಜೋಳ, ನಡುವೆ ಅಲ್ಲಲ್ಲಿ ಸೂರ್ಯಕಾಂತಿ. ಒಂದು ಕಡೆ ಚಹಾಕ್ಕೆ ನಿಲ್ಲಿಸಿದಾಗ ಹುಚ್ಚೇಶ ನೀರಿನ ಬಾಟಲಿಯನ್ನು ಮೊದಲು ತೌಸಿಫನ ಮುಂದೆ ಹಿಡಿದ.

"ನಿನ್ನಿ ಕೈ ಮಾಡಿದ್ದು ತಪ್ಪಾತೋ."

"ಇರಲಿ ಬಿಡಣ್ಣ. ನಮ್ಮವ್ವ ಹಿಂಗ ಕಾಣದಂಗ ಆಗಿದ್ರ ನಾ ಎರಡು ಹೊಡೀತಿದ್ದೆ."

ಯಂಕಪ್ಪ ಕನ್ನಡಿಯಲ್ಲಿ ರಮಾಬಾಯಿಯ ಕಡೆ ನೋಡಿ ಹುಬ್ಬು ಹಾರಿಸಿದ. ಅವಳು ಚಹಾದ ಕಪ್ಪನ್ನು ಬಾಯಿಗಿಟ್ಟು ನಗು ಮುಚ್ಚಿಕೊಂಡಳು.

ಮಂದಿರಕ್ಕಿಂತ ಸ್ವಲ್ಪ ಈಚೆ ರಸ್ತೆ ಬಿಟ್ಟು ಹೊಳೆಯ ಕಡೆ ಇಳಿದರೆ ನಾಲ್ಕೈದು ಮನೆ. ತೌಸಿಫ ಬಾಯಿ ಬಿಡಲಿಲ್ಲ. ಕೆಂಪು ಕಲ್ಲಿನ ಒಂದು ಮನೆಯ ಕಡೆ ಗದ್ದ ಎತ್ತಿ ತೋರಿಸಿದ ಅಷ್ಟೆ. ಅದು ಆಣೆಯ ಲೆಕ್ಕಕ್ಕೆ ಬರುವುದಿಲ್ಲವೆಂದು ಅವನೇ ತೀರ್ಮಾನಿಸಿಕೊಂಡಂತಿತ್ತು.

ಕಟ್ಟೆಯ ಮೇಲೆ ಇಬ್ಬರು ಹೆಂಗಸರು ಕೂತು ಪುಂಡಿಪಲ್ಯ ಸೋಸುತ್ತಿದ್ದರು. ಒಬ್ಬಳು ಆ ಮನೆಯ ಮಹಾದೇವಿ, ಶೇಖವ್ವನ ಚಿಕ್ಕಂದಿನ ಗೆಳತಿ. ಇನ್ನೊಬ್ಬಳು ನೀಲಿ ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಾಲು ನೀಡಿ ಆರಾಮವಾಗಿ ಕೂತಿದ್ದಳು.

ಜೀಪು ನಿಂತಾಗ ಶೇಖವ್ವ ಕಣ್ಣಿನ ಮೇಲೆ ಕೈ ಅಡ್ಡ ಹಿಡಿದು ನೋಡಿದಳು. ನೋಡಿ, ಕೈಯಲ್ಲಿದ್ದ ಸೊಪ್ಪಿನ ಕಟ್ಟನ್ನು ಮೊರದಲ್ಲಿ ಇಟ್ಟಳು.

"ಹಿಡದ್ರಲ್ಲವ್ವಾ. ಯಾರ್ ಹೇಳಿದ್ರು?" ಅವಳ ದೃಷ್ಟಿ ನೇರವಾಗಿ ತೌಸಿಫನ ಮೇಲೆ ಬಿತ್ತು.

"ಇಂವ ಹೇಳಿಲ್ರಿ ಯವ್ವಾ," ಎಂದಳು ರಮಾಬಾಯಿ. "ಆಣಿ ಮುರದಿಲ್ಲ. ಬರಕೊಂಡೀನಿ."

ಆ ಮಾತಿನ ಹಿಂದೆಯೇ ಹುಚ್ಚೇಶ ಓಡಿಹೋಗಿ ತಾಯಿಯ ಕಾಲ ಬಳಿ ಕೂತ. ಬೈಯಬೇಕೆಂದು ದಾರಿಯುದ್ದಕ್ಕೂ ಕೂಡಿಟ್ಟುಕೊಂಡ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಶೇಖವ್ವ ಪುಂಡಿಯ ಹುಳಿ ಹತ್ತಿದ ಕೈಯಿಂದಲೇ ಅವನ ತಲೆ ಸವರಿದಳು.

"ಅಳಬ್ಯಾಡ. ಎಲ್ಲಿ ಹೋಗ್ತೇನಿ ನಾ? ಹಾಡಾಕ ನಾಕ ದಿನ ಕೇಳಿದೆ, ನೀ ಕೊಡ್ಲಿಲ್ಲ. ಅದಕ್ಕ ನಾನ ತಗೊಂಡೆ."

"ಹೇಳಿ ಬರಬೇಕಿಲ್ಲೇನ ಯವ್ವಾ? ಮೇಡಂ ಬಾವಿ ಬಾವಿ ಹುಡಕ್ಯಾರ."

ಶೇಖವ್ವ ರಮಾಬಾಯಿಯನ್ನು ನೋಡಿದಳು. ಮುಖದಲ್ಲಿ ನಾಚಿಕೆ ಸುಳಿಯಿತು.

"ತಪ್ಪಾತವ್ವಾ. ಡಾಕ್ಟರ್ ಏನ್ ಅಂದ ಗೊತ್ತೈತೇನು? ಜೀವ ಉಳೀತೈತಿ, ದನಿ ಉಳೀತೈತಂತ ಹೇಳಾಕ ಬರಂಗಿಲ್ಲ ಅಂದ. ನಮ್ಮವ್ವ ಮಗ್ಗದ ಮುಂದ ಕುಂತು ಕಲಿಸಿದ್ದು ಒಂಬತ್ತು ಹಾಡು. ಯಾರೂ ಬರದಿಟ್ಟಿಲ್ಲ. ನನ್ನ ಗಂಟಲದಾಗ ಬಿಟ್ರ ಮತ್ತೆಲ್ಲೂ ಇಲ್ಲ. ಮನ್ಯಾಗ ಹಾಡಾಕ ಕುಂತ್ರ ಇಂವ ಗಂಟಲಕ್ಕ ತ್ರಾಸ ಆಗ್ತೈತಿ ಅಂತ ಬಾಯಿ ಮುಚ್ಚಸ್ತಾನ. ಓಣ್ಯಾಗ ಮಗ್ಗದ ಗದ್ದಲ. ಅದಕ್ಕ ಮಾದೇವಿ ಮನಿಗೆ ಬಂದೆ. ಏಳು ಮುಗದಾವ. ಎರಡ ಉಳದಾವ."

"ಆಪರೇಷನ್?" ರಮಾಬಾಯಿ ಕೇಳಿದಳು.

"ಮಾಡಸ್ಕೊಳ್ಳೂದಿಲ್ಲ ಅಂತ ಯಾರಂದ್ರು? ಗುರುವಾರ ಸಂಜಿಕ ನಾನ ಬಾಗಲಕೋಟಿ ಬಸ್ ಹತ್ತಾಕಿದ್ದೆ. ಸೀರಿ ಸುದ್ದಾ ಮಡಚಿ ಇಟ್ಟೀನಿ, ನೋಡಹೋಗ."

ಮಹಾದೇವಿ ಒಳಗಿನಿಂದ ಚೀಲ ತಂದು ತೋರಿಸಿದಳು. ಎರಡು ಸೀರೆ, ಆಸ್ಪತ್ರೆಯ ಚೀಟಿ, ಒಂದು ಸ್ಟೀಲಿನ ಲೋಟ.

ಅಂಗಳದಲ್ಲಿದ್ದವರೆಲ್ಲ ನಿರಾಳರಾದರು. ಯಂಕಪ್ಪ ಬೇವಿನ ಮರದ ಕೆಳಗೆ ನಿಂತು ಠಾಣೆಗೆ ಫೋನು ಮಾಡಿ, "ಸಿಕ್ಕಾರ್ರಿ. ಆರಾಮ ಅದಾರ್ರಿ. ಪುಂಡಿಪಲ್ಯ ಸೋಸಾಕತ್ತಾರ್ರಿ" ಎಂದು ದೊಡ್ಡ ದನಿಯಲ್ಲಿ ವರದಿ ಒಪ್ಪಿಸಿದ. ಹುಚ್ಚೇಶ ಮಗಳಿಗೆ ಫೋನು ಹಚ್ಚಿ ಅಜ್ಜಿಯ ಕೈಗೆ ಕೊಟ್ಟ. ಆಚೆ ಬದಿಯಿಂದ ಸುಶ್ಮಿತಾ ಅತ್ತದ್ದು, ಆಮೇಲೆ ಬೈದದ್ದು, ಆಮೇಲೆ ನಕ್ಕದ್ದು ಕಟ್ಟೆಯ ಮೇಲಿದ್ದವರಿಗೆಲ್ಲ ಕೇಳಿಸಿತು.

ಮಹಾದೇವಿ ಯಾರನ್ನೂ ಕೇಳದೆ ರೊಟ್ಟಿ ಬಡಿಯಲು ಕೂತಳು. ಬಿಸಿ ರೊಟ್ಟಿ, ಎಣ್ಣೆಗಾಯಿ, ಕೆನೆಮೊಸರು. ರಮಾಬಾಯಿಗೆ ಎರಡು ದಿನದ ಹಸಿವು ಒಮ್ಮೆಲೇ ನೆನಪಾಯಿತು. ನಾಲ್ಕನೆಯ ರೊಟ್ಟಿಗೆ ಬೇಡವೆನ್ನಲು ಹೋದಳು, ಮಹಾದೇವಿ ಆಗಲೇ ತಾಟಿಗೆ ಹಾಕಿಯಾಗಿತ್ತು.

"ಇನ್ನ ಎರಡ ಹಾಡು," ಎಂದಳು ರಮಾಬಾಯಿ ಹುಚ್ಚೇಶನ ಕಡೆ ತಿರುಗಿ. "ಇವತ್ತ ಮುಗಸಲಿ. ನಾಳೆ ನನ್ನ ಜೀಪಿನಾಗ ಬಾಗಲಕೋಟಿಗೆ ಬಿಡ್ತೇನಿ. ಏನಂತಿ?"

ಹುಚ್ಚೇಶ ಒಂದು ಕ್ಷಣ ಹೊಳೆಯ ಕಡೆ ನೋಡಿದ. "ಇಲ್ಲೇ ಹಾಡಬೇಕೇನ್ರಿ? ಮನಿಗೆ ಹೋಗಿ..."

"ಮತ್ತ ಶುರು ಮಾಡಿದ ನೋಡು," ಎಂದಳು ಶೇಖವ್ವ. ಎಲ್ಲರೂ ನಕ್ಕರು. ಹುಚ್ಚೇಶನೂ ತಲೆಯಾಡಿಸಿ ಒಪ್ಪಿಕೊಂಡ.

ತೌಸಿಫ ಕಟ್ಟೆಯ ಮೇಲೆ ಲ್ಯಾಪ್‌ಟಾಪು ತೆರೆದು ವೈರುಗಳನ್ನು ಬಿಡಿಸತೊಡಗಿದ. ಶೇಖವ್ವ ಅವನ ಪಕ್ಕಕ್ಕೆ ಸರಿದಳು.

"ತಮ್ಮಾ, ಶುರು ಮಾಡೂಕಿಂತ ಮೊದಲ ನನ್ನ ದನಿ ಒಂದ ಕೇಳಸು. ವಾದ್ಯ ಎಲ್ಲಾ ಬಿಟ್ಟು. ಶುಕ್ರವಾರ ಹ್ವಾದ್ರ ಹೋಗಲಿ, ಹ್ಯಾಂಗಿತ್ತು ಅಂತ ನನಗರ ಗೊತ್ತಿರಲಿ."

ತೌಸಿಫ ಅವಳ ಬಿಳಿಗೂದಲಿನ ಮೇಲೆ ಹೆಡ್‌ಫೋನು ಕೂರಿಸಿ ಆರನೆಯದನ್ನು ಹಚ್ಚಿದ. ಶೇಖವ್ವ ಕಣ್ಣು ಮುಚ್ಚಿ, ಬೆರಳಿನಿಂದ ತೊಡೆಯ ಮೇಲೆ ತಾಳ ಹಾಕುತ್ತ ಪೂರ್ತಿ ಕೇಳಿದಳು. ತಪ್ಪಿದ ಕಡೆ ನಾಲಿಗೆ ಕಚ್ಚಿಕೊಂಡಳು. ಮುಗಿದಾಗ ಅವಳ ಮುಖದಲ್ಲಿ ದುಃಖವಿರಲಿಲ್ಲ.

"ಪರವಾಗಿಲ್ಲ ಮುದುಕಿ," ಎಂದು ತನಗೆ ತಾನೇ ಹೇಳಿಕೊಂಡಳು. "ಅದರ ಕೆಳಗಿಂದು ಏನದು?"

"ಏಳನೇದ್ರಿ ಆಯಿ. ಹೊರಗಿನ ಮೈಕಿಂದು. ಇದನ್ನ ಕೇಳೇ ಮೇಡಂ ನಿಮ್ಮನ್ನ ಹಿಡದದ್ದು."

"ಹೌದಾ? ಹಚ್ಚು ಹಂಗಾರ, ನನ್ನ ಹಿಡಕೊಟ್ಟದ್ದು ಯಾವುದು ನೋಡೂಣು."

ರಮಾಬಾಯಿ ಕೈ ತೊಳೆದುಕೊಂಡು ಬಂದು ಕಂಬಕ್ಕೆ ಒರಗಿದಳು. ಹುಚ್ಚೇಶ ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದ. ಹೊಳೆಯ ಮೇಲಿನ ಗಾಳಿ ತಣ್ಣಗೆ ಬೀಸುತ್ತಿತ್ತು. ಪ್ರಕರಣ ಮುಗಿಯಿತು, ಇನ್ನು ಎರಡು ಪುಟ ಬರೆದರೆ ಆಯಿತು ಎಂದು ಅವಳ ಮನಸ್ಸು ಹಗುರಾಗಿತ್ತು.

ಶೇಖವ್ವ ಒಂದು ನಿಮಿಷ ಸುಮ್ಮನೆ ಕೇಳಿದಳು. ತಾಳ ಹಾಕುತ್ತಿದ್ದ ಬೆರಳು ನಿಂತಿತು.

"ತಡಿ. ಹಿಂದಕ್ಕ ಒಯ್ಯಿ."

ತೌಸಿಫ ಒಯ್ದ.

"ಇನ್ನೊಮ್ಮಿ."

ಮತ್ತೆ ಒಯ್ದ. ಮುದುಕಿಯ ಕೈ ನಿಧಾನವಾಗಿ ಮೇಲೆದ್ದು ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿಯಿತು.

"ಇದರಾಗ ನಾ ಇಬ್ಬರು ಅದೀನಿ," ಎಂದಳು.

"ಗ್ವಾಡಿಗೆ ಬಡದು ತಿರುಗಿ ಬಂದ ದನಿ ಇರಬೇಕ್ರಿ ಯವ್ವಾ," ಎಂದಳು ರಮಾಬಾಯಿ.

ತೌಸಿಫ ಒಂದು ಕಿವಿಗೆ ಹೆಡ್‌ಫೋನು ಹಿಡಿದು ಕೇಳಿದ. ಅವನ ಹುಬ್ಬು ಗಂಟಾಯಿತು. ವೈರು ಕಿತ್ತು, ಲ್ಯಾಪ್‌ಟಾಪಿನ ಸ್ಪೀಕರಿನಲ್ಲೇ ದನಿ ಏರಿಸಿದ. ಎಲ್ಲರೂ ಬಾಗಿದರು.

ಒಳಗಿನ ಕೋಣೆಯಿಂದ, ಗೋಡೆಯಾಚೆಯಿಂದ, ಶೇಖವ್ವನ ದನಿ ತೆಳ್ಳಗೆ ಬರುತ್ತಿತ್ತು:

*ಅಂಚೀನ ಎಳಿ ಕೆಂಪ, ಒಡಲಾನ ಎಳಿ ನೀಲಿ,*
*ಸೆರಗೀಗೆ ನನ್ನ ತವರ್ಹಾದಿ.*

ಅದರ ಬೆನ್ನಿಗೇ, ಅರ್ಧ ಸಾಲು ಹಿಂದೆ, ಇನ್ನೊಂದು ದನಿ. ಪಿಸುಮಾತಿಗಿಂತ ಒಂದಿಷ್ಟು ಮೇಲೆ. ಅದೇ ಧಾಟಿ, ಅದೇ ಎಳೆತ.

*...ಸೆರಗೀಗೆ ನನ್ನ ತವರ್ದೀಪ.*

"ತಿರುಗಿ ಬಂದ ದನಿ ಅಲ್ರಿ ಇದು," ಎಂದ ತೌಸಿಫ ಮೆಲ್ಲಗೆ. "ಹಂಗಿದ್ರ ಅದೂ ಹಾದಿ ಅಂತಾನ ಅನಬೇಕು. ಇದು ದೀಪ ಅಂತೈತಿ. ಮತ್ತ ಮೈಕಿಗೆ ಆಯಿಗಿಂತ ಹತ್ರ ಐತಿ. ಯಾರೋ ಇಲ್ಲೇ, ಈ ಕಟ್ಟಿ ಬಾಜೂ ನಿಂತು ಹಾಡ್ಯಾರ."

"ಮಾದೇವಿಯವ್ವಾ, ಸೋಮವಾರ ಸಂಜಿಕ ಯಾರ್ ಬಂದಿದ್ರು?"

"ಯಾರೂ ಇಲ್ರಿ. ನಾ ಎಮ್ಮಿ ಹೊಡಕೊಂಡು ಬರಾಕ ಹೋಗಿದ್ದೆ. ಇವರಿಬ್ಬರ ಒಳಗಿದ್ರು."

ರಮಾಬಾಯಿ ಶೇಖವ್ವನ ಕಡೆ ತಿರುಗಿದಳು. ಮುದುಕಿ ಲ್ಯಾಪ್‌ಟಾಪಿನ ಕಡೆ ಬಾಗಿಯೇ ಇದ್ದಳು.

"ದುರಗವ್ವ," ಎಂದಳು.

"ಯಾರ್ರಿ ದುರಗವ್ವ?"

"ನನ್ನ ತಂಗಿ. ಸಣ್ಣಾಕಿ ಇದ್ದಾಗ ಅವ್ವ ಹಾದಿ ಅಂತ ಹೇಳಿಕೊಟ್ರ ಅಕಿ ದೀಪ ಅಂತಿದ್ಲು. ಎಷ್ಟ ತಿದ್ದಿದ್ರೂ ಬಿಡ್ಲಿಲ್ಲ. ಈ ಲೋಕದಾಗ ಈ ಹಾಡಿಗೆ ದೀಪ ಅನ್ನಾಕಿ ಅಕಿ ಒಬ್ಬಾಕಿನ."

"ಈಗ ಎಲ್ಲಿ ಅದಾರವರು?"

"ಎಲ್ಲಿರ್ತಾಳವ್ವಾ. ಸತ್ತು ಹತ್ತೊಂಬತ್ತ ವರ್ಷ ಆತು. ಇದ ಹೊಳ್ಯಾಗ ಸಿಕ್ಕಿದ್ಲು. ನನ್ನ ಕೈಲೆ ನೋಡಾಕ ಆಗ್ಲಿಲ್ಲ. ಇವನ ಹೋಗಿ, ಚಿಗವ್ವನ ಹೆಣ ಅಂತ ಗುರ್ತು ಹಿಡದು, ಮಣ್ಣು ಮಾಡಿ ಬಂದ."

ಎಲ್ಲರ ಕಣ್ಣು ಬಾಗಿಲ ಕಡೆ ತಿರುಗಿದವು.

ಹುಚ್ಚೇಶ ಲ್ಯಾಪ್‌ಟಾಪನ್ನೇ ನೋಡುತ್ತಿದ್ದ. ಮಹಾದೇವಿ ಬಾಯಿಗೆ ಸೆರಗು ಇಟ್ಟುಕೊಂಡಿದ್ದಳು, ತೌಸಿಫ ಗಾಬರಿಯಾಗಿದ್ದ, ಯಂಕಪ್ಪ ಬಾಯಿ ತೆರೆದುಕೊಂಡೇ ನಿಂತಿದ್ದ. ಹುಚ್ಚೇಶನ ಮುಖದಲ್ಲಿ ಮಾತ್ರ ಅಚ್ಚರಿಯ ಗೆರೆಯೊಂದೂ ಇರಲಿಲ್ಲ. ಅಲ್ಲಿದ್ದದ್ದು ಸಿಟ್ಟು.

"ಹಾಡೂದಿಲ್ಲ ಅಂದಿದ್ಲು ಚಿಗವ್ವ," ಎಂದ, ಯಾರಿಗೂ ಅಲ್ಲದಂತೆ, ಹಲ್ಲಿನ ಸಂದಿಯಲ್ಲಿ. "ಇನ್ನ ಮ್ಯಾಲೆ ಬಾಯಿ ತಗಿಯೂದಿಲ್ಲ ಅಂತ ನನಗ ಮಾತು ಕೊಟ್ಟಿದ್ಲು."

ಮಾತು ಹೊರಬಿದ್ದ ಮೇಲೆ ಅದು ಅವನಿಗೇ ಕೇಳಿಸಿತು. ಕೈಯಲ್ಲಿನ ತಂಬಿಗೆ ವಾಲಿ ನೀರು ಹೊಸ್ತಿಲ ಮೇಲೆ ಚೆಲ್ಲಿತು.

ಶೇಖವ್ವ ಮಗನನ್ನು ನೋಡುತ್ತಲೇ ಇದ್ದಳು. ಲ್ಯಾಪ್‌ಟಾಪಿನಲ್ಲಿ ಹಾಡು ಇನ್ನೂ ನಡೆದಿತ್ತು. ರಮಾಬಾಯಿ ಕಂಬ ಬಿಟ್ಟು ನೆಟ್ಟಗೆ ನಿಂತಳು.

"ಹುಚ್ಚೇಶ," ಎಂದಳು, "ಹಂಗಾರ ಹತ್ತೊಂಬತ್ತ ವರ್ಷದ ಹಿಂದ ನೀ ಮಣ್ಣು ಮಾಡಿದ ಹೆಣ ಯಾರದು?"